ಹೇಳಿಕೊಟ್ಟ ಸನ್ನೆ

ರಾಮಲಕ್ಷ್ಮಮ್ಮನ ಭಾಷೆಯನ್ನು ಪೂರ್ತಿಯಾಗಿ ಬಲ್ಲವರು ಈ ಲೋಕದಲ್ಲಿ ಇಬ್ಬರೇ ಇದ್ದರು. ಒಬ್ಬಳು ಅವಳ ತಂಗಿ ಆಂಜನಮ್ಮ. ಆಕೆ ಕಾಮಾಲೆಯಿಂದ ತೀರಿಕೊಂಡ ಮೇಲೆ ಉಳಿದವಳು ಆಂಜನಮ್ಮನ ಮಗಳು ಹಂಸ. ತಾಯಿ ಹೋದಾಗ ಹಂಸಳಿಗೆ ಇನ್ನೂ ಹಾಲುಹಲ್ಲು. ತಂದೆ ಬೇರೆ ಮದುವೆಯಾಗಿ ಹೊಸಕೋಟೆ ಕಡೆ ಹೋದ. ಸಾಕಿದವಳು ದೊಡ್ಡಮ್ಮ ರಾಮಲಕ್ಷ್ಮಮ್ಮ. ಹೀಗಾಗಿ ಹಂಸಳಿಗೆ ಬಾಯಿಮಾತಿನಷ್ಟೇ ಸಲೀಸಾಗಿ ಕೈಮಾತೂ ಬಂತು.

ಕೃಷ್ಣರಾಜಪುರದಿಂದ ಮೂಡಲಿಗೆ, ರೈಲು ಹಳಿ ದಾಟಿ ಒಳಕ್ಕೆ ಹೋದರೆ ಸಿಗುತ್ತಿದ್ದ ಗೌರೇನಹಳ್ಳಿಯಲ್ಲಿ ಆ ಮನೆತನಕ್ಕೆ ಕೆರೆಯಂಚಿನ ಹೂದೋಟವಿತ್ತು. ರಾಮಲಕ್ಷ್ಮಮ್ಮ ಹುಟ್ಟುಕಿವುಡಿ, ಮಾತೂ ಬರಲಿಲ್ಲ. ಕಿವುಡು ಮಕ್ಕಳಿಗೆಂದು ಶಾಲೆಗಳಿವೆ ಎಂಬುದು ಆ ಮನೆಗೆ ತಿಳಿಯುವ ಹೊತ್ತಿಗೆ ಅವಳ ತಲೆ ನರೆತಿತ್ತು. ಆದ್ದರಿಂದ ಅಕ್ಕತಂಗಿಯರು ತಮ್ಮ ಬಳಕೆಗೆ ತಾವೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಮೇಲ್ದುಟಿಯ ಮೇಲೆ ಬೆರಳಿಟ್ಟು ಮೀಸೆ ತಿರುವಿದರೆ ಅಣ್ಣ ಮುನಿಆಂಜನಪ್ಪ. ಗಾಳಿಯಲ್ಲಿ ಹೂ ಚಿವುಟಿ ಮಡಿಲಿಗೆ ಹಾಕಿಕೊಂಡರೆ ತೋಟ. ಕಣ್ಣು ಮುಚ್ಚಿ ಅಂಗೈ ಮಲಗಿಸಿದರೆ ಸತ್ತವರು. ಮೀಸೆ ತಿರುವಿ, ಆಮೇಲೆ ಹೂ ಚಿವುಟಿದರೆ ಮನೆತನದ ಜಮೀನು. ಊರಿನವರು ಅದನ್ನು ಮುನಿಆಂಜನಪ್ಪನ ತೋಟ ಎನ್ನುತ್ತಿದ್ದರು. ಆಂಜನಮ್ಮ ಆ ಹೆಸರನ್ನೇ ಅಕ್ಕನ ಕೈಗೆ ಇಳಿಸಿದ್ದಳು. ಆ ಸೀಮೆಯಲ್ಲಿ ಹೊಲಕ್ಕೆ, ತೋಪಿಗೆ, ಬಾವಿಗೆ ಹೆಸರು ಬರುತ್ತಿದ್ದುದೇ ಮನೆಯ ಹಿರಿಯ ಗಂಡಸಿನಿಂದ. ಅದು ಕರೆಯುವ ರೂಢಿ ಮಾತ್ರ. ಯಾರದೆಷ್ಟು ಪಾಲು ಎಂಬ ತೀರ್ಮಾನವನ್ನು ಯಾರೂ ಅದರಿಂದ ತೆಗೆಯುತ್ತಿರಲಿಲ್ಲ.

ಅಣ್ಣನಿಗೂ ಅತ್ತಿಗೆಗೂ ಆ ಭಾಷೆಯಲ್ಲಿ 'ಬಾ', 'ಉಣ್ಣು', 'ನೀರು ಹಾಯಿಸು' ಎನ್ನುವಷ್ಟು ಬರುತ್ತಿತ್ತು. ಎತ್ತಿನ ಜೊತೆ ವ್ಯವಹರಿಸಲು ಅಷ್ಟು ಸಾಕು. ಮನುಷ್ಯಳ ಜೊತೆಗೂ ಸಾಕೆಂದು ಅವರು ತಿಳಿದಿದ್ದರು.

ಆ ಭಾಷೆಯಲ್ಲಿ ಇಲ್ಲದ್ದೂ ಬಹಳವಿತ್ತು. 'ನಿನಗೆ ಒಪ್ಪಿಗೆಯೇ?' ಎಂದು ಕೇಳುವ ಸನ್ನೆ ಇರಲಿಲ್ಲ, ಏಕೆಂದರೆ ಹಾಗೆ ಅವಳನ್ನು ಯಾರೂ ಕೇಳಿರಲಿಲ್ಲ. ಬಳಕೆಗೆ ಬಾರದ ಪಾತ್ರೆ ಯಾವ ಬಡವರ ಮನೆಯಲ್ಲೂ ಇರುವುದಿಲ್ಲ. 'ನನ್ನದು' ಎಂಬುದಕ್ಕೂ ಸನ್ನೆ ಇರಲಿಲ್ಲ. ಹಾಗೆಂದು ಅವಳಿಗೆ ತನ್ನದೆಂಬ ಭಾವವೇ ಇರಲಿಲ್ಲ ಎನ್ನಲಾಗದು. ಅವಳ ತಟ್ಟೆಗೆ ಯಾರಾದರೂ ಕೈಹಾಕಿದರೆ ತಟ್ಟೆಯನ್ನು ಎದೆಗವಚಿಕೊಳ್ಳುತ್ತಿದ್ದಳು. ತೋಟದ ಮೂಲೆಯ ಹೆಂಚಿನ ಮನೆಯಲ್ಲಿ ತಾನು ಮಲಗುವ ಜಾಗದಲ್ಲಿ ಬೇರೆಯವರ ಚಾಪೆ ಕಂಡರೆ ಎತ್ತಿ ಹೊರಗೆಸೆಯುತ್ತಿದ್ದಳು. ಹೆಸರಿಲ್ಲದ್ದು ಅನುಭವದಲ್ಲೂ ಇರುವುದಿಲ್ಲ ಎಂಬುದು ಮಾತು ಬಲ್ಲವರ ಹಳೆಯ ಭ್ರಮೆ. ಅದಕ್ಕೆ ಪುರಾವೆ ಕಡಿಮೆ, ನಂಬಿಕೆ ಹೆಚ್ಚು.

ಅವಳಿಗೆ ಮದುವೆಯಾಗಲಿಲ್ಲ. ಮನೆಯಲ್ಲಿ ಅದನ್ನೊಂದು ಕಳಂಕದಂತೆ ತಗ್ಗಿದ ದನಿಯಲ್ಲಿ ಆಡಿಕೊಳ್ಳುತ್ತಿದ್ದರು. ಕೇಳಿಸದವಳ ಮುಂದೆ ದನಿ ತಗ್ಗಿಸುವ ಅಗತ್ಯವೇನಿತ್ತೋ. ತೊಂಬತ್ತನಾಲ್ಕರಲ್ಲಿ ವಾರಸಾ ಕಾನೂನಿಗೆ ಬಂದ ತಿದ್ದುಪಡಿ ಅದೇ ಮಾತನ್ನು ತಿರುಗಿಸಿ ನಿಲ್ಲಿಸಿತು. ಆ ದಿನಕ್ಕೆ ಮದುವೆಯಾಗದೆ ಉಳಿದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಎಂದಿತು ಕಾನೂನು. ಮನೆಯವರು ಕಳಂಕ ಎಂದದ್ದನ್ನು ಅದು ಹಕ್ಕು ಎಂದು ಕರೆಯಿತು. ಅದು ರಾಮಲಕ್ಷ್ಮಮ್ಮನಿಗೆ ಗೊತ್ತಾಗಲಿಲ್ಲ. ಬಡಾವಣೆ ಮಾಡುವವರಿಗೆ ತೋಟ ಮಾರಲು ಓಡಾಡುತ್ತಿದ್ದ ಮುನಿಆಂಜನಪ್ಪನಿಗೆ ಚೆನ್ನಾಗಿ ಗೊತ್ತಾಯಿತು.

ಹಂಸ ಆ ಹೊತ್ತಿಗೆ ಮದುವೆಯಾಗಿ ಜೋಗುಪಾಳ್ಯಕ್ಕೆ ಬಂದಿದ್ದಳು. ಗಂಡ ಹಲಸೂರಿನ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದ. ಇವಳು ಎಸ್‌ಟಿಡಿ ಬೂತಿನಲ್ಲಿ ಕೂರುತ್ತಿದ್ದಳು. ಗಾಜಿನ ಪೆಟ್ಟಿಗೆಯೊಳಗೆ ಜನ ತಮಿಳಿನಲ್ಲಿ, ಉರ್ದುವಿನಲ್ಲಿ ಗಂಟಲು ಹರಿಯುವಂತೆ ಕಿರುಚುವುದನ್ನು ದಿನವಿಡೀ ನೋಡಿ, ಭಾನುವಾರ ಬಸ್ಸು ಹಿಡಿದು ದೊಡ್ಡಮ್ಮನ ಬಳಿಗೆ ಬಂದರೆ ಅವಳ ಕಿವಿಗೆ ವಿಶ್ರಾಂತಿ.

ಅಂಥ ಒಂದು ಭಾನುವಾರ ದೊಡ್ಡಮ್ಮ ಹೊಸ ಸೀರೆ ತೋರಿಸಿ ಕಥೆ ಹೇಳಿದಳು. ಹೇಳಿದಳು ಎಂದರೆ ಆಡಿ ತೋರಿಸಿದಳು. ಮೀಸೆ ತಿರುವಿದಳು. ಸೀರೆಯ ಸೆರಗು ಎಳೆದು ತೋರಿಸಿದಳು. ಚಕ್ರ ಹಿಡಿದು ಕಾರು ಓಡಿಸಿದಳು. ದೊಡ್ಡ ಮನೆ, ಬಹಳ ಜನ, ಮೇಜು, ಕನ್ನಡಕದವನು. ಆಮೇಲೆ ಎಡಗೈಯಿಂದ ತನ್ನದೇ ಬಲಮಣಿಕಟ್ಟನ್ನು ಹಿಡಿದಳು, ಅಣ್ಣ ಹಿಡಿದಂತೆ. ನಾಲ್ಕು ಬೆರಳು ಮಡಿಸಿ ಹೆಬ್ಬೆರಳು ಚಾಚಿದಳು. ಒತ್ತಿದಳು. ಆಮೇಲೆ ಮೂಲೆಯಿಂದ ಸೀಮೆಎಣ್ಣೆ ಡಬ್ಬ ಎತ್ತಿ ತಂದು, ಬುಡಮೇಲು ಮಾಡಿ ಅಲ್ಲಾಡಿಸಿ, ಮುಖ ಸಿಂಡರಿಸಿದಳು. ಖಾಲಿ. ಕೊಡಲೇ ಇಲ್ಲ.

ಹಂಸ ಬಿದ್ದು ಬಿದ್ದು ನಕ್ಕಳು. ರಾಮಲಕ್ಷ್ಮಮ್ಮನ ಅನುಭವದಲ್ಲಿ ಹೆಬ್ಬೆರಳಿಗೆ ಶಾಯಿ ಹಚ್ಚುವ ಜಾಗ ಒಂದೇ, ಪಡಿತರ ಅಂಗಡಿ. ಅಲ್ಲಿ ಒತ್ತಿದರೆ ಇಲ್ಲಿ ಸಕ್ಕರೆ, ಸೀಮೆಎಣ್ಣೆ. ಆದ್ದರಿಂದ ಅಣ್ಣ ಹೆಬ್ಬೆರಳು ತೋರಿಸಿ ಹೊರಡು ಎಂದಾಗ ಅವಳು ಡಬ್ಬ ತೆಗೆದುಕೊಂಡು ಕಾರು ಹತ್ತಿದ್ದಳು. ಎಲ್ಲಿಗೋ ಗುರುತಿನ ಚೀಟಿಗೆ ಕರೆದೊಯ್ದಿರಬೇಕು ಎಂದುಕೊಂಡಳು ಹಂಸ. ಮರುವರ್ಷ ತೋಟದಲ್ಲಿ ಕಲ್ಲು ನೆಡಲು ಬಂದವರನ್ನು ಕಂಡಾಗ ಆ ನಗು ನೆನಪಾಗಿ ಅವಳು ನೇರ ಮಾವನ ಮನೆಗೆ ಹೋದಳು.

"ಏನ್ ಮಾವ ಇದು? ದೊಡ್ಡಮ್ಮಂಗೆ ಪಾಲಿಲ್ವಾ?" ಎಂದಳು.

ಮುನಿಆಂಜನಪ್ಪ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. "ಪಾಲು ಬ್ಯಾಡ ಅಂತ ಅವ್ಳೇ ಒತ್ತವ್ಳಲ್ಲಮ್ಮಿ. ಹಕ್ಕು ಬಿಡುಗಡೆ ಪತ್ರ. ಬೇಕಾದ್ರೆ ಕೇಳ್ಕೊ ಓಗು."

"ಯಾರನ್ನ ಕೇಳ್ಲಿ?"

"ಅವ್ಳನ್ನೇ ಕೇಳು. ನಿಂಗೆ ಬತ್ತದಲ್ಲ ಅವ್ಳ ಭಾಷೆ." ಪಕ್ಕದಲ್ಲಿದ್ದವರು ನಕ್ಕರು. "ಇಷ್ಟು ವರ್ಸ ಅನ್ನ ಇಕ್ಕಿದೋನು ನಾನು. ಟೆಲಿಫೋನ್ ಅಂಗ್ಡೀಲಿ ಕುಂತ್ಕೊಂಡು ನೀನು ಲಾ ಪಾಯಿಂಟ್ ಕಲ್ತ್ಕೊಂಡು ಬಂದಿದೀಯ!"

"ಅವ್ಳಿರೋ ಮನೆ, ಮಾವ? ಅದೂ ಹೋಯ್ತಾ?"

"ಇರ್ಲಿ ಬಿಡು, ಇರೋಗಂಟ ಇರ್ಲಿ. ನಾನೇನ್ ಈಚಿಗೆ ಆಕ್ತೀನಾ?" ಎಂದು ಅವನು ಎಲೆ ಮಡಿಸಿದ. 'ಇರೋಗಂಟ' ಎಂದರೆ ಅವಳು ಇರುವವರೆಗೋ, ಮನೆ ಇರುವವರೆಗೋ, ಅವನಿಗೆ ಮನಸ್ಸಿರುವವರೆಗೋ ಎಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಬೂತಿಗೆ ಬರುತ್ತಿದ್ದವರೊಬ್ಬರು ವಕೀಲ ಜಿಯಾವುಲ್ಲಾ ಅವರ ವಿಳಾಸ ಕೊಟ್ಟರು. ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಅತ್ತರಿನ ಅಂಗಡಿಯೊಂದರ ಮೇಲೆ ಅವರ ಕಚೇರಿ. ಅರವತ್ತು ಸಮೀಪಿಸಿದ, ನಿಧಾನವಾಗಿ ಓದುವ, ಓದುವಾಗ ತುಟಿ ಆಡಿಸುವ ಮನುಷ್ಯ. ಬಿಡುಗಡೆ ಪತ್ರದ ನಕಲನ್ನು ತರಿಸಿ ಹಂಸಳ ಮುಂದೆ ಗಟ್ಟಿಯಾಗಿ ಓದಿದರು: "'ನಾನು ಸ್ವಸ್ಥಚಿತ್ತಳಾಗಿ, ಸ್ವಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ, ಈ ಪತ್ರವನ್ನು ಓದಿಸಿ ಕೇಳಿ...' ನೋಡಿದೆಯಾ ಬೇಟಿ, ಕೇಳಿದಳಂತೆ!"

ಹಂಸಳ ಮುಖ ಅರಳಿತು. "ಹಾಗಾದ್ರೆ ಇದು ಸುಳ್ಳು ಅಂತ ಇದ್ರಲ್ಲೇ ಗೊತ್ತಾಗುತ್ತಲ್ವಾ ಸಾರ್?"

"ಅಷ್ಟು ಸುಲಭ ಅಲ್ಲ. ಇದು ಎಲ್ಲ ಪತ್ರಗಳಲ್ಲೂ ಇರೋ ಮಾತು. ಬರೆಯೋನೂ ಯೋಚಿಸಿ ಬರೆಯಲ್ಲ, ಓದೋನೂ ಯೋಚಿಸಿ ಓದಲ್ಲ. ಅತ್ತಿಗೆ ಸನ್ನೆಯಲ್ಲಿ ತಿಳಿಸಿದಳು, ಇವಳು ತಲೆಯಾಡಿಸಿದಳು ಅಂತ ಸಾಕ್ಷಿ ಹಾಕಿದವರು ಹೇಳ್ತಾರೆ. ತಲೆ ಆಡಿಸಿರ್ತಾಳಾ?"

"ದೊಡ್ಡಮ್ಮ ಎಲ್ಲದಕ್ಕೂ ತಲೆ ಆಡಿಸ್ತಾಳೆ ಸಾರ್. ಬೈದ್ರೂ."

ಜಿಯಾವುಲ್ಲಾ ನಿಟ್ಟುಸಿರಿಟ್ಟರು. ದಾವೆ ಹಾಕಿದರು. ಎದುರು ಕಡೆಯ ಉತ್ತರದಲ್ಲಿ ಒಂದು ವಾಕ್ಯ ಅವರನ್ನು ಕಾಡಿತು: ವಾದಿಯು ಮಂದಬುದ್ಧಿಯವಳಾಗಿದ್ದು, ಅಣ್ಣನೇ ಆಕೆಯ ಯೋಗಕ್ಷೇಮ ನೋಡಿಕೊಳ್ಳುತ್ತ ಬಂದಿರುತ್ತಾನೆ. "ಇದು ಬಲೆ," ಎಂದರು. "ಇವಳಿಗೆ ಬುದ್ಧಿ ಇಲ್ಲ ಅಂತ ಆದರೆ ಪತ್ರ ಬೀಳುತ್ತೆ, ಸರಿ. ಆದರೆ ಆಮೇಲೆ ಇವಳ ಪೋಷಕ ಯಾರು? ನಿನ್ನ ಮಾವ. ಬಾಗಿಲಿಂದ ಕಳಿಸಿದ್ದು ಕಿಟಕಿಯಿಂದ ಬರುತ್ತೆ. ಇವಳು ಬುದ್ಧಿವಂತೆ, ತನ್ನದು ಯಾವುದು ಅಂತ ಬಲ್ಲವಳು, ಆದರೆ ಈ ಪತ್ರಕ್ಕೆ ಒಪ್ಪಲಿಲ್ಲ. ನಮಗೆ ಬೇಕಿರೋದು ಇದು."

ಒಮ್ಮೆ ಹಂಸ ದೊಡ್ಡಮ್ಮನನ್ನು ಕಚೇರಿಗೆ ಕರೆದುಕೊಂಡು ಬಂದಳು. ರಾಮಲಕ್ಷ್ಮಮ್ಮ ಕಪಾಟಿನ ಪುಸ್ತಕಗಳನ್ನು ನೋಡಿ ಬೆರಗಾದಳು, ಕೆಳಗಿನಿಂದ ಬರುತ್ತಿದ್ದ ಅತ್ತರಿನ ವಾಸನೆಗೆ ಮೂಗರಳಿಸಿದಳು, ಆಮೇಲೆ ಹಂಸ ಕೇಳಿದ್ದಕ್ಕೆ ಆ ದಿನವನ್ನು ಪೂರ್ತಿ ಆಡಿ ತೋರಿಸಿದಳು. ಮೀಸೆ, ಸೀರೆ, ಕಾರು, ಕನ್ನಡಕದವನು, ಮಣಿಕಟ್ಟು, ಹೆಬ್ಬೆರಳು, ಖಾಲಿ ಡಬ್ಬ. ಚಹಾ ತಂದವನು ಬಾಗಿಲಲ್ಲೇ ನಿಂತು ನಕ್ಕ. ಜಿಯಾವುಲ್ಲಾ ನಗಲಿಲ್ಲ, ಆದರೆ ತಲೆ ಅಲ್ಲಾಡಿಸಿದರು.

"ನಾಟಕದ ಹಾಗಿದೆ, ಬೇಟಿ. ಇದನ್ನ ಟೈಪ್ ಮಾಡೋನು ಹೇಗೆ ಹೊಡೀತಾನೆ? ಜಡ್ಜ್ ಸಾಹೇಬರು ಹೇಳಿ ಬರೆಸಬೇಕು, 'ನಾನು' ಅಂತ ಶುರುವಾಗೋ ವಾಕ್ಯದಲ್ಲಿ. ಕೋರ್ಟಿಗೆ ಶಬ್ದ ಬೇಕು. ಅದರ ಮೇಲೆ ಆ ಡಬ್ಬ! ಆಸ್ತಿ ಪತ್ರಕ್ಕೆ ಸೀಮೆಎಣ್ಣೆ ಡಬ್ಬ ಹಿಡ್ಕೊಂಡು ಹೋದಳು ಅಂದರೆ, ನಾಳೆ ಎದುರಿನವರು ಮಂದಬುದ್ಧಿ ಅಂತ ಕುಣೀತಾರೆ."

ಹಂಸಳಿಗೂ ಹಾಗೆಯೇ ಅನಿಸಿತು. ತಾನೇ ನಕ್ಕಿದ್ದಳಲ್ಲ. ಕೋರ್ಟಿನಲ್ಲಿ ಅಷ್ಟು ಜನರ ಮುಂದೆ ದೊಡ್ಡಮ್ಮ ಖಾಲಿ ಡಬ್ಬ ಅಲ್ಲಾಡಿಸುವುದು, ಜನ ನಗುವುದು, ಇದನ್ನು ನೆನೆದೇ ಅವಳಿಗೆ ಅವಮಾನವಾಯಿತು. ದೊಡ್ಡಮ್ಮ ಅಲ್ಲಿ ಹಕ್ಕುಳ್ಳ ಹೆಂಗಸಿನಂತೆ ನೇರ ನಿಂತು, ನೇರ ಉತ್ತರ ಕೊಡಬೇಕು ಎಂದು ಅವಳ ಆಸೆ.

ಹಂಸ ಸಂಬಂಧಿಕಳು, ಮುಂದೆ ವಾರಸುದಾರಳೂ ಆಗಬಹುದು. ಆಕೆಯೇ ಅನುವಾದಿಸುವಂತಿಲ್ಲ ಎಂದು ಎದುರು ಕಡೆಯವರು ತಕರಾರು ತೆಗೆದರು. ನ್ಯಾಯಾಲಯ ಒಪ್ಪಿತು. ಕಿವುಡು ಮಕ್ಕಳ ಶಾಲೆಯೊಂದರ ಶಿಕ್ಷಕಿ ಶೀತಲ್ ಅವರನ್ನು ನೇಮಿಸಿ, ಸಾಕ್ಷಿಯ ಸನ್ನೆಗಳನ್ನು ಮೊದಲೇ ಪರಿಚಯ ಮಾಡಿಕೊಳ್ಳಲು ಅನುಮತಿ ಕೊಟ್ಟಿತು. ಶೀತಲ್ ಧಾರವಾಡದ ಕಡೆಯವರು, ಕಲ್ಯಾಣ ನಗರದಲ್ಲಿ ಮನೆ. ಮೊದಲ ದಿನ ತೋಟಕ್ಕೆ ಬಂದವರು ಬಹಳ ಹೊತ್ತು ರಾಮಲಕ್ಷ್ಮಮ್ಮನ ಕೈಗಳನ್ನು ನೋಡುತ್ತ ಕೂತರು.

"ಇದು ನಾವು ಕಲಿಸೋ ಸನ್ನಿ ಅಲ್ರೀ. ಇದು ಬ್ಯಾರೇನ ಭಾಷಾ," ಎಂದರು ಹಂಸಳಿಗೆ. "ನಾ ಏನರ ಕೇಳಿದ್ರ ಆಕಿಗೆ ತಿಳೀಬೇಕಲ್ಲ? ಒಂದ್ ನಾಕು ಸನ್ನಿ ಇಬ್ಬರಿಗೂ ಸೇರಿ ಇರಬೇಕು."

ಹೌದು, ಇಲ್ಲ, ಮನೆ, ಯಾರದು, ನನ್ನದು. ಇಷ್ಟನ್ನು ಶೀತಲ್ ಕಲಿಸಿದರು. 'ನನ್ನದು' ಎಂಬುದು ಸುಲಭ: ಬಲಗೈಯ ಅಂಗೈಯನ್ನು ಎದೆಯ ಮೇಲೆ ಊರುವುದು. ರಾಮಲಕ್ಷ್ಮಮ್ಮ ಅದನ್ನು ಮೊದಲ ಸಲ ಸರಿಯಾಗಿ ಮಾಡಿದಾಗ ಹಂಸಳ ಕಣ್ಣಲ್ಲಿ ನೀರು ಬಂತು; ಅವಳು ದೊಡ್ಡಮ್ಮನನ್ನು ತಬ್ಬಿಕೊಂಡಳು. ಐವತ್ತು ದಾಟಿದ ಹೆಂಗಸಿಗೆ ಮೊದಲ ಬಾರಿಗೆ ಆ ಮಾತು ಸಿಕ್ಕಿತ್ತು. ಆ ದಿನವೆಲ್ಲ ರಾಮಲಕ್ಷ್ಮಮ್ಮ ಮನೆ ಸುತ್ತ ಓಡಾಡುತ್ತ ತೋರಿಸಿದ್ದೇ ತೋರಿಸಿದ್ದು. ಕೊಡ, ಎದೆಯ ಮೇಲೆ ಅಂಗೈ. ಕೋಳಿ, ಅಂಗೈ. ಸಂಪಿಗೆ ಮರ, ಅಂಗೈ. ಪ್ರತಿ ಸಲವೂ ಹಂಸಳತ್ತ ತಿರುಗುತ್ತಿದ್ದಳು, ಪ್ರತಿ ಸಲವೂ ಹಂಸ ನಗುತ್ತಿದ್ದಳು.

ಒಂದು ಶಬ್ದ ಇನ್ನೊಬ್ಬರ ಒಳಗೆ ಯಾವ ಅರ್ಥವಾಗಿ ಇಳಿಯಿತು ಎಂಬುದನ್ನು ಹೊರಗಿನಿಂದ ನೋಡಿ ತಿಳಿಯುವ ಉಪಾಯ ಯಾರಿಗೂ ಸಿಕ್ಕಿಲ್ಲ. ಸರಿಯಾದ ಜಾಗದಲ್ಲಿ ಬಳಸಿದರೆ ಅರ್ಥವಾಗಿದೆ ಎಂದು ನಂಬುತ್ತೇವೆ. ಮಕ್ಕಳ ವಿಷಯದಲ್ಲೂ ಅಷ್ಟೇ, ವಿದ್ವಾಂಸರ ವಿಷಯದಲ್ಲೂ ಅಷ್ಟೇ. ಆ ಅಂಗೈಯ ಅರ್ಥ ರಾಮಲಕ್ಷ್ಮಮ್ಮನಿಗೆ 'ಇದು ನನಗೆ ಸೇರಿದ್ದು' ಎಂದಾಗಿತ್ತೋ, 'ಹೀಗೆ ಮಾಡಿದರೆ ಹಂಸ ನಗುತ್ತಾಳೆ' ಎಂದಾಗಿತ್ತೋ. ಆ ಅನುಮಾನ ಶೀತಲ್‌ಗೆ ಬಂದಿತ್ತು. "ಭಾಳ ಉರು ಹೊಡಸಬ್ಯಾಡ್ರಿ," ಎಂದರು ಒಮ್ಮೆ. "ಆಕಿ ನಿಮ್ಮ ಮಾರೀನ ನೋಡಿ ಮಾಡ್ಲಿಕ್ಕತ್ತಾಳ."

ಹಂಸ ಬಿಡಲಿಲ್ಲ. ಭಾನುವಾರಗಳೆಲ್ಲ ಪಾಠವಾದವು. ತೋಟದ ಫೋಟೋ ಹಿಡಿದು 'ಯಾರದು?' ಎಂದು ಕೇಳುವಳು. ಹಳೆಯ ಅಭ್ಯಾಸದಿಂದ ದೊಡ್ಡಮ್ಮ ಮೀಸೆಯತ್ತ ಬೆರಳು ಒಯ್ದರೆ ಕೈಮೇಲೆ ಮೆಲ್ಲಗೆ ಹೊಡೆಯುವಳು. ದೊಡ್ಡಮ್ಮ ಆ ದಿನದ ಕಥೆ ಶುರುಮಾಡಿ ಕಾರು ಓಡಿಸಲು ಹೋದರೆ ಎರಡೂ ಕೈ ಹಿಡಿದು ಕೆಳಗಿಳಿಸುವಳು. ಬೇಡ, ಅದು ಬೇಡ, ಹೀಗೆ. ಕೊನೆಕೊನೆಗೆ ರಾಮಲಕ್ಷ್ಮಮ್ಮ ಆ ಕಥೆ ಹೇಳುವುದನ್ನೇ ನಿಲ್ಲಿಸಿದಳು.

ಎರಡು ಸಾವಿರದ ಮೂರರ ಮಳೆಗಾಲದಲ್ಲಿ ಸಾಕ್ಷಿಯ ದಿನ ಬಂತು. ನ್ಯಾಯಾಧೀಶರು ತಾಳ್ಮೆಯವರು; ಸಾಕ್ಷಿಗೆ ಕುರ್ಚಿ ಹಾಕಿಸಿದರು. ಜಿಯಾವುಲ್ಲಾ ತೋಟದ ಫೋಟೋ ತೋರಿಸಿದರು, ಶೀತಲ್ ಸನ್ನೆಯಲ್ಲಿ ಕೇಳಿದರು, ರಾಮಲಕ್ಷ್ಮಮ್ಮ ಮೂರನೆಯ ಬೆಂಚಿನಲ್ಲಿದ್ದ ಹಂಸಳನ್ನು ನೋಡಿ ಎದೆಯ ಮೇಲೆ ಅಂಗೈ ಊರಿದಳು. ನ್ಯಾಯಾಧೀಶರು ಬರೆಸಿದರು: "ನಾನು ತೋರಿಸಲಾದ ಆಸ್ತಿಯು ನನ್ನದೆಂದು ಹೇಳುತ್ತೇನೆ." ಬೆರಳಚ್ಚು ಯಂತ್ರ ಟಕಟಕ ಬಡಿಯಿತು. ಹೆಂಚಿನ ಮನೆ? ಅಂಗೈ. ಅಣ್ಣನಿಗೆ ಕೊಟ್ಟಿದ್ದೀರಾ? ಇಲ್ಲ. ಹಂಸಳ ಎದೆ ಹಗುರವಾಯಿತು.

ಪಾಟೀಸವಾಲಿಗೆ ಎದ್ದ ಎದುರು ವಕೀಲರು ಮೊದಲು ಕೇಳಿದ್ದು ಒಂದೇ. "ಸ್ವಾಮಿ, ಸಾಕ್ಷಿ ಪದೇ ಪದೇ ನೋಡುತ್ತಿರುವ ಆ ಹೆಣ್ಣುಮಗಳು ದಯವಿಟ್ಟು ಹೊರಗಿರಲಿ."

ಹಂಸ ಹೊರಗೆ ಹೋಗಿ ಅರ್ಧ ತೆರೆದ ಬಾಗಿಲ ಪಕ್ಕ ನಿಂತಳು. ಅಲ್ಲಿಂದ ದೊಡ್ಡಮ್ಮನ ಬೆನ್ನು, ಅತ್ತಿತ್ತ ಹುಡುಕುವ ತಲೆ ಕಾಣುತ್ತಿತ್ತು. ವಕೀಲರು ತಮ್ಮ ಕೈಗಡಿಯಾರ ಬಿಚ್ಚಿ ಎತ್ತಿ ಹಿಡಿದರು. ಯಾರದು? ಶೀತಲ್ ಒಂದು ಕ್ಷಣ ತಡೆದು, ಪ್ರಮಾಣ ಮಾಡಿದವರಾದ್ದರಿಂದ, ಕೇಳಿದರು. ರಾಮಲಕ್ಷ್ಮಮ್ಮ ಗಡಿಯಾರ ನೋಡಿದಳು, ಬಾಗಿಲತ್ತ ನೋಡಿದಳು, ಎದೆಯ ಮೇಲೆ ಅಂಗೈ ಊರಿದಳು. ನ್ಯಾಯಾಧೀಶರ ಮೇಜಿನ ನೀರಿನ ಲೋಟ? ಅಂಗೈ. ಗೋಡೆಯ ಕ್ಯಾಲೆಂಡರು? ಅಂಗೈ, ಈ ಸಲ ಇನ್ನೂ ಗಟ್ಟಿಯಾಗಿ, ಮುಖದಲ್ಲಿ ಬೇಡಿಕೆಯ ನಗು.

"ಸ್ವಾಮಿ, ಕೋಲೆಬಸವನೂ ತಲೆ ಆಡಿಸುತ್ತೆ," ಎಂದರು ವಕೀಲರು. "ಮಳೆ ಬರುತ್ತಾ ಬಸವಾ ಅಂದರೂ ಹೌದು, ಮದುವೆ ಆಗುತ್ತಾ ಅಂದರೂ ಹೌದು. ಹಗ್ಗ ಹಿಡಿದವರು ಹೊರಗಿದ್ದಾರೆ."

ಜಿಯಾವುಲ್ಲಾ ಎದ್ದು ಕೂಗಿದರು. "ಇದು ಅವಮಾನ, ಸ್ವಾಮಿ!" ನ್ಯಾಯಾಧೀಶರು ಗದರಿದರು, ವಕೀಲರು ಮಾತು ಹಿಂತೆಗೆದುಕೊಂಡರು. ಆಡಿದ ಮಾತು ಮಾತ್ರ ಅಲ್ಲೇ ಉಳಿಯಿತು.

ಆಮೇಲೆ ಬಿಡುಗಡೆ ಪತ್ರವನ್ನು ಅವಳ ಮುಂದಿಟ್ಟು ಹೆಬ್ಬೆಟ್ಟಿನ ಗುರುತು ತೋರಿಸಿದರು. ರಾಮಲಕ್ಷ್ಮಮ್ಮ ಬಗ್ಗಿ ನೋಡಿದಳು. ಅವಳಿಗೆ ನೆನಪಾಯಿತು. ಬೆರಳು ಮೇಲ್ದುಟಿಗೆ ಹೋಯಿತು, ಮೀಸೆ ತಿರುವಿತು. ಎರಡೂ ಕೈ ಚಕ್ರ ಹಿಡಿದವು. ಅಲ್ಲಿಗೆ ದೊಡ್ಡಮ್ಮ ತಟ್ಟನೆ ನಿಲ್ಲಿಸಿದಳು, ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಕೈಗಳನ್ನು ತೊಡೆಯ ಮೇಲೆ ಇಳಿಸಿದಳು. ತನ್ನ ಕೈಯನ್ನು ತಾನೇ ಮೆಲ್ಲಗೆ ಹೊಡೆದುಕೊಂಡಳು. ಆಮೇಲೆ ಕಲಿತದ್ದನ್ನು ಮಾಡಿದಳು: ಹೆಬ್ಬೆಟ್ಟಿನ ಗುರುತಿನ ಮೇಲೆ ಕಣ್ಣಿಟ್ಟು, ಎದೆಯ ಮೇಲೆ ಅಂಗೈ.

"ಹೆಬ್ಬೆಟ್ಟಿನ ಗುರುತು ನನ್ನದೆಂದು ಒಪ್ಪುತ್ತೇನೆ," ಎಂದು ನ್ಯಾಯಾಧೀಶರು ಬರೆಸಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಎದುರು ವಕೀಲರು ಶೀತಲ್ ಅವರನ್ನೂ ಕೇಳಿದರು. ಈ ಸನ್ನೆ ಸಾಕ್ಷಿಗೆ ಯಾವಾಗ ಬಂತು? "ಹೋದ ಬೇಸಿಗೆಯಲ್ಲಿ, ಸರ್. ನಾನೇ ಕಲಿಸಿದ್ದು." ದಾವೆ ಹಾಕಿದ ಮೇಲೆ? "ಹೌದು." ಮೊದಲು ಇದೇ ಜಮೀನಿಗೆ ಆಕೆ ಯಾವ ಸನ್ನೆ ಮಾಡುತ್ತಿದ್ದರು? ಶೀತಲ್ ಮೀಸೆ ತಿರುವಿ, ಗಾಳಿಯಲ್ಲಿ ಹೂ ಚಿವುಟಿ ತೋರಿಸಿದರು.

"ಅರ್ಥ?"

"ಅಣ್ಣನ ತೋಟ." ಬೆರಳಚ್ಚು ಯಂತ್ರ ಬಡಿಯಿತು. "ಆದರೆ ಸರ್, ಆ ದಿನದ ಬಗ್ಗೆ ಆಕೆ ಮೊದಲೆಲ್ಲ ಒಂದು..."

"ಕೇಳಿದ್ದಕ್ಕೆ ಮಾತ್ರ ಉತ್ತರ, ಮೇಡಂ," ಎಂದು ವಕೀಲರು ಕೂತರು.

ಜಿಯಾವುಲ್ಲಾ ಮತ್ತೆ ಎದ್ದು ಕೇಳಬಹುದಿತ್ತು. ಎದ್ದರು ಕೂಡ. ಡಬ್ಬದ ನೆನಪಾಗಿ, ಮಂದಬುದ್ಧಿ ಎಂಬ ಮಾತಿನ ನೆನಪಾಗಿ, "ಬೇರೇನೂ ಇಲ್ಲ, ಸ್ವಾಮಿ," ಎಂದರು.

ಮರುವರ್ಷ ತೀರ್ಪು ಬಂತು. ನೋಂದಣಿಯ ಹಿಂಬರಹ, ಸಾಕ್ಷಿ ಹಾಕಿದವರ ಹೇಳಿಕೆ, ಒಪ್ಪಿಕೊಂಡ ಹೆಬ್ಬೆಟ್ಟು, ಎಲ್ಲವನ್ನೂ ತೂಗಿ ದಾವೆಯನ್ನು ವಜಾ ಮಾಡಲಾಗಿತ್ತು. ಜಿಯಾವುಲ್ಲಾ ತುಟಿ ಆಡಿಸುತ್ತ ಓದುತ್ತಿದ್ದವರು ಒಂದು ಕಡೆ ನಿಂತರು, ಆಮೇಲೆ ಗಟ್ಟಿಯಾಗಿ ಓದಿದರು: "'ವಾದಿಯು ತನ್ನ ಸಹಜವಾದ ಸನ್ನೆಗಳಲ್ಲಿ ಆ ದಿನದ ಘಟನೆಯನ್ನು ವಿವರಿಸಿದ್ದರೆ, ಆಕೆ ಏನನ್ನು ತಿಳಿದು ಹೆಬ್ಬೆಟ್ಟು ಒತ್ತಿದಳೆಂಬುದು ಈ ನ್ಯಾಯಾಲಯಕ್ಕೆ ಗೋಚರವಾಗುತ್ತಿತ್ತು. ದಾವೆಯ ನಂತರ ಹೇಳಿಕೊಟ್ಟ ಸನ್ನೆಗಳಿಗೆ ಬೆಲೆ ಕೊಡಲಾಗದು.'"

ಅತ್ತರಿನ ಅಂಗಡಿಯವನು ಕೆಳಗೆ ಯಾರನ್ನೋ ಕರೆಯುತ್ತಿದ್ದ.

"ಡಬ್ಬ," ಎಂದಳು ಹಂಸ.

"ಹೌದು, ಡಬ್ಬ." ಜಿಯಾವುಲ್ಲಾ ಕನ್ನಡಕ ತೆಗೆದರು. "ಮಾತು ಬಾರದವರು ಅರ್ಥವಾಗುವ ಯಾವ ರೀತಿಯಲ್ಲಾದರೂ ಸಾಕ್ಷಿ ಹೇಳಬಹುದು ಅಂತಲೇ ಕಾನೂನಲ್ಲಿದೆ, ಬೇಟಿ. ಶಾಲೆಯ ಸನ್ನೆಯೇ ಆಗಬೇಕು ಅಂತಿಲ್ಲ. ಆಸ್ತಿ ಬರೆದುಕೊಡೋಕೆ ಹೋಗೋಳು ಡಬ್ಬ ಯಾಕೆ ಒಯ್ತಾಳೆ? ಅವಳಿಗೆ ಏನೂ ತಿಳಿಸಿಲ್ಲ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇರಲಿಲ್ಲ. ನಾನು ಅದನ್ನ ನಾಟಕ ಅಂದೆ."

ಹಂಸ ಅವರನ್ನು ಬೈಯಲಿಲ್ಲ. ಕೈ ಹಿಡಿದು ಕೆಳಗಿಳಿಸಿದವಳು ತಾನು.

ಮೇಲ್ಮನವಿ ಹಾಕಿದರು. ತಡೆಯಾಜ್ಞೆ ಸಿಗಲಿಲ್ಲ. ಬೇಸಿಗೆಗೆ ಮುಂಚೆಯೇ ತೋಟದೊಳಗೆ ಜೆಸಿಬಿ ಬಂತು.

ಆ ಬೆಳಿಗ್ಗೆ ಹಂಸ ಆಟೋ ತಂದು ದೊಡ್ಡಮ್ಮನ ಬಟ್ಟೆಗಂಟು, ಕೊಡ, ಚಾಪೆಗಳನ್ನು ಇಟ್ಟಳು. ಹೊರಡಬೇಕು ಎಂದು ಮೊದಲೇ ತಿಳಿಸಿದ್ದಳು. ಏಕೆ ಎಂದು ತಿಳಿಸಲು ಅವರಿಬ್ಬರ ಭಾಷೆಯಲ್ಲಿ ದಾರಿ ಇರಲಿಲ್ಲ. ಸೋಲು, ತೀರ್ಪು ಯಾವುದಕ್ಕೂ ಆ ಮನೆಯಲ್ಲಿ ಸನ್ನೆ ಹುಟ್ಟಿರಲಿಲ್ಲ. ರಾಮಲಕ್ಷ್ಮಮ್ಮ ಸೀಮೆಎಣ್ಣೆ ಡಬ್ಬವನ್ನು ಮಾತ್ರ ಆಟೋದಲ್ಲಿ ಇಡಗೊಡದೆ ಎಡಗೈಯಲ್ಲೇ ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದಳು. ಯಂತ್ರ ಸಂಪಿಗೆ ಮರಕ್ಕೆ ಕೊಂಡಿ ಹಾಕಿತು. ಸದ್ದು ಅವಳಿಗೆ ಕೇಳಿಸಲಿಲ್ಲ. ನೆಲ ಅದುರಿದ್ದು ಪಾದಕ್ಕೆ ತಿಳಿದು ತಿರುಗಿದಳು.

ಮರ ನೋಡಿದಳು. ಹಂಸಳ ಮುಖ ನೋಡಿದಳು. ಎದೆಯ ಮೇಲೆ ಅಂಗೈ ಊರಿದಳು.

ಹಂಸ ನಗಲಿಲ್ಲ.

ಸರಿಯಾಗಿ ಮಾಡಲಿಲ್ಲವೇನೋ ಎಂಬಂತೆ ಮತ್ತೊಮ್ಮೆ ಊರಿದಳು. ಮತ್ತೊಮ್ಮೆ, ಜೋರಾಗಿ. ಮತ್ತೊಮ್ಮೆ. ಅಂಗೈ ಎದೆಗೆ ಬಡಿಯುವ ಶಬ್ದ ಬೇಲಿಯಾಚೆಗೂ ಕೇಳಿಸಿತು. ಹಾಲು ಹಾಕಿ ಬರುತ್ತಿದ್ದ ಹೆಂಗಸೊಬ್ಬಳು ನಿಂತು, ಎದೆ ಬಡಿದುಕೊಳ್ಳುತ್ತಿದ್ದವಳನ್ನು ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಕೇಳಿದಳು: "ಯಾರವ್ವ ಓಗಿದ್ದು?"

ಹಂಸಳಿಗೆ ತಡೆಯಲಾಗಲಿಲ್ಲ. ಓಡಿ ಹೋಗಿ ದೊಡ್ಡಮ್ಮನ ಬಲಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

ರಾಮಲಕ್ಷ್ಮಮ್ಮ ತಕ್ಷಣ ನಿಂತಳು. ತನ್ನ ಕೈಯನ್ನು ಹಿಡಿದಿದ್ದ ಕೈಯನ್ನು ನೋಡಿದಳು. ಎಡಗೈಯ ಡಬ್ಬವನ್ನು ಮುಂದಕ್ಕೆ ತಂದಳು. ಆಮೇಲೆ ನಾಲ್ಕು ಬೆರಳು ಮಡಿಸಿ, ಹೆಬ್ಬೆರಳು ಚಾಚಿ, ಕಾದು ನಿಂತಳು.